ಕೈಬಿಟ್ಟ ಹುಡುಗರು ಎಲ್ಲಿಗೆ ಹೋಗಬೇಕು?

2015ರ ಮೇ 31. ಕಂಠೀರವ ಕ್ರೀಡಾಂಗಣದಲ್ಲಿ ಆ ಸಾಲಿನ ಐ-ಲೀಗ್‌ನ ಕೊನೆಯ ಪಂದ್ಯ. ಗೆದ್ದರೆ ಬೆಂಗಳೂರು ಎಫ್‌ಸಿ ಸತತ ಎರಡನೇ ವರ್ಷ ಚಾಂಪಿಯನ್. ಡ್ರಾ ಆದರೂ ಸಾಕು, ಪ್ರಶಸ್ತಿ ಮೋಹನ್ ಬಾಗಾನ್‌ಗೆ. 41ನೇ ನಿಮಿಷದಲ್ಲಿ ಬೆಂಗಳೂರು ಮುಂದೆ ಬಂತು. ಗೋಲು ಹೊಡೆದವರು ಹಿಂದೆ ನಿಂತು ಎದುರಾಳಿಯನ್ನು ತಡೆಯಬೇಕಾದ ಡಿಫೆಂಡರ್, ಇಂಗ್ಲೆಂಡಿನ ಜಾನ್ ಜಾನ್ಸನ್. ಮುಕ್ಕಾಲು ಗಂಟೆಯ ಕಾಲ ಕಪ್ಪು ಬೆಂಗಳೂರಿನದೇ ಆಗಿತ್ತು. 87ನೇ ನಿಮಿಷದಲ್ಲಿ ಬಾಗಾನ್‌ನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಪ್ರಶಸ್ತಿ ಕೈತಪ್ಪಿದ ಆ ನೋವು ಈ ಊರಿನ ಫುಟ್‌ಬಾಲ್ ಪ್ರೇಮಿಗಳಲ್ಲಿ ಇನ್ನೂ ಇದೆ. ಆದರೆ ಇಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆಯದು. ಜಾನ್ಸನ್ ಎಂಬ ಆ ಆಟಗಾರ ಬೆಂಗಳೂರಿಗೆ ಬಂದು ಮುಟ್ಟಿದ್ದು ಹೇಗೆ? ಅಂಥ ದಾರಿ ನಮ್ಮ ಹುಡುಗರಿಗೆ ಏಕಿಲ್ಲ?

ಜಾನ್ಸನ್ 1988ರಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ಮಿಡಲ್ಸ್‌ಬರೋದಲ್ಲಿ ಹುಟ್ಟಿದವರು. ಉಕ್ಕಿನ ಕಾರ್ಖಾನೆಗಳ, ದುಡಿಯುವವರ ಊರು. ಆ ಊರಿನ ಕ್ಲಬ್ಬಿನ ಅಕಾಡೆಮಿಯಲ್ಲೇ ಅವರು ಬೆಳೆದರು. ಈ ಅಕಾಡೆಮಿ ಸಾಮಾನ್ಯದ್ದಾಗಿರಲಿಲ್ಲ. 2006ರ ಮೇ ತಿಂಗಳಲ್ಲಿ ಫುಲ್‌ಹ್ಯಾಮ್ ವಿರುದ್ಧದ ಪ್ರೀಮಿಯರ್ ಲೀಗ್ ಪಂದ್ಯಕ್ಕೆ ಮಿಡಲ್ಸ್‌ಬರೋ ಹೆಸರಿಸಿದ 16 ಜನರಲ್ಲಿ 15 ಮಂದಿ ಊರಿನಿಂದ ಮೂವತ್ತು ಮೈಲಿಯೊಳಗೆ ಹುಟ್ಟಿದವರು. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ, ದೊಡ್ಡಬಳ್ಳಾಪುರ, ನೆಲಮಂಗಲ, ಆನೇಕಲ್, ಹೊಸಕೋಟೆಯೊಳಗಿನ ಹುಡುಗರನ್ನಷ್ಟೇ ಕಟ್ಟಿಕೊಂಡು ದೇಶದ ಅತ್ಯುನ್ನತ ಲೀಗ್‌ಗೆ ಇಳಿದ ಹಾಗೆ. ಅಂಥ ಅಕಾಡೆಮಿಯಲ್ಲಿ ಬೆಳೆದರೂ ಜಾನ್ಸನ್‌ಗೆ ಮೊದಲ ತಂಡದಲ್ಲಿ ನೆಲೆ ಸಿಗಲಿಲ್ಲ. ಕ್ಲಬ್ ಅವರನ್ನು ಲೋನ್ ಮೇಲೆ ಟ್ರಾನ್ಮಿಯರ್ ರೋವರ್ಸ್‌ಗೆ ಕಳಿಸಿತು. ಆಮೇಲೆ ಅವರು ನಾಲ್ಕನೇ ಡಿವಿಷನ್ನಿನ ನಾರ್ಥಾಂಪ್ಟನ್ ಟೌನ್ ಸೇರಿದರು. ಅಲ್ಲಿ ವರ್ಷಗಟ್ಟಲೆ ವಾರ ವಾರವೂ ಮೈದಾನಕ್ಕಿಳಿದರು. 2013ರ ಜುಲೈನಲ್ಲಿ ಬೆಂಗಳೂರಿನಲ್ಲಿ ಹೊಸ ಕ್ಲಬ್ ಒಂದು ಹುಟ್ಟಿದಾಗ ಅದು ಮೊದಲು ಕರೆತಂದ ವಿದೇಶಿ ಆಟಗಾರರಲ್ಲಿ ಅವರೂ ಒಬ್ಬರು. ಆಗ ಅವರಿಗೆ ಇಪ್ಪತ್ತೈದು ತುಂಬಿರಲಿಲ್ಲ.

ಮುಂದಿನ ಐದು ವರ್ಷ ಅವರ ಬದುಕಿನ ಅತ್ಯುತ್ತಮ ವರ್ಷಗಳು ಎನ್ನಲು ಅಡ್ಡಿಯಿಲ್ಲ. 2013-14ರಲ್ಲಿ, ಮೊದಲ ಪ್ರಯತ್ನದಲ್ಲೇ, ಐ-ಲೀಗ್ ಪ್ರಶಸ್ತಿ. 2015-16ರಲ್ಲಿ ಮತ್ತೆ. ನಡುವೆ ಫೆಡರೇಷನ್ ಕಪ್. 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ದೋಹಾದಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ಎದುರು 0-1ರಿಂದ ಸೋತರೂ ಆ ದಾರಿ ಚಿಕ್ಕದಲ್ಲ. ಬೆಂಗಳೂರಿನ ಪರ ನೂರಕ್ಕೂ ಹೆಚ್ಚು ಪಂದ್ಯ ಆಡಿ, 2018ರಲ್ಲಿ ಅವರು ಕೋಲ್ಕತ್ತದ ಎಟಿಕೆ ಸೇರಿದರು. ಮಿಡಲ್ಸ್‌ಬರೋಗೆ ಸಾಲದಾದ ಒಬ್ಬ ಹುಡುಗ ಇನ್ನೊಂದು ಖಂಡದ ಮಹಾನಗರವೊಂದರ ಮನೆಮಾತಾದ.

ಇದನ್ನು ಒಬ್ಬ ಮನುಷ್ಯನ ಛಲದ ಕತೆಯಾಗಿ ಓದುವುದು ಸುಲಭ. ಛಲ ಇದ್ದೇ ಇತ್ತು, ಅದನ್ನು ಕಡೆಗಣಿಸುತ್ತಿಲ್ಲ. ಆದರೆ ಛಲ ಕೆಲಸ ಮಾಡಬೇಕಾದರೆ ಅದಕ್ಕೆ ಕಾಲಿಡಲು ಜಾಗ ಬೇಕು. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್‌ನ 20 ಕ್ಲಬ್‌ಗಳು, ಕೆಳಗಿನ ಮೂರು ಡಿವಿಷನ್‌ಗಳಲ್ಲಿ ತಲಾ 24, ಒಟ್ಟು 92. ಅದರ ಕೆಳಗೆ ನ್ಯಾಷನಲ್ ಲೀಗ್, ಅದರ ಕೆಳಗೆ ಪ್ರಾದೇಶಿಕ ಲೀಗ್‌ಗಳು. ಪ್ರತಿವರ್ಷ ಕೆಳಗಿನಿಂದ ಮೇಲಕ್ಕೆ ಬಡ್ತಿ, ಮೇಲಿನಿಂದ ಕೆಳಕ್ಕೆ ಹಿಂಬಡ್ತಿ. ಒಂದು ಮೆಟ್ಟಿಲಲ್ಲಿ ಜಾರಿದವನಿಗೆ ಮುಂದಿನ ಮೆಟ್ಟಿಲು ಸಿಗುತ್ತದೆ. ಜೇಮಿ ವಾರ್ಡಿಯನ್ನು ಹದಿನಾರರ ವಯಸ್ಸಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕೈಬಿಟ್ಟಿತು. ಅವರು ಕಾರ್ಖಾನೆಯಲ್ಲಿ ದುಡಿಯುತ್ತ ಸ್ಟಾಕ್ಸ್‌ಬ್ರಿಜ್ ಎಂಬ ಪುಟ್ಟ ಊರಿನ ತಂಡಕ್ಕೆ ಆಡಿದರು. ಅಲ್ಲಿಂದ ಹ್ಯಾಲಿಫ್ಯಾಕ್ಸ್, ಫ್ಲೀಟ್‌ವುಡ್, 2012ರಲ್ಲಿ ಲೆಸ್ಟರ್. 2016ರಲ್ಲಿ ಪ್ರೀಮಿಯರ್ ಲೀಗ್ ಚಾಂಪಿಯನ್. ವಾರ್ಡಿಯವರದು ಅಪರೂಪದ ಏರಿಕೆ, ಒಪ್ಪೋಣ. ನನಗೆ ಮುಖ್ಯವಾಗಿ ಕಾಣುವುದು ಜಾನ್ಸನ್ ಅವರ ಮಧ್ಯಮ ಗಾತ್ರದ ಬದುಕು. ದೇಶದ ತಂಡಕ್ಕೆ ಆಡಲಿಲ್ಲ, ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬರಲಿಲ್ಲ, ಆದರೂ ಕಲಿತ ಕಸುಬಿನಲ್ಲೇ ಬಾಳಿದರು. ಒಂದು ಆಟ ಒಂದು ನಾಡಿನಲ್ಲಿ ಕಸುಬಾಗಿ ಬೇರೂರಿದೆಯೇ ಎಂದು ಅಳೆಯಬೇಕಾದರೆ ತಾರೆಗಳನ್ನು ಬಿಟ್ಟು ಇಂಥವರನ್ನು ಎಣಿಸಬೇಕು.

ಜಾನ್ಸನ್ ಅವರನ್ನು ಇಲ್ಲಿ ಆಡಿಸಿದ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಕೂಡ ಅದೇ ದಾರಿಯವರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿದ್ದರು. ಮೊದಲ ತಂಡಕ್ಕೆ ಆಡುವ ಭಾಗ್ಯ ಬರಲಿಲ್ಲ. ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ಎಂದು ಕೆಳಗಿನ ಕ್ಲಬ್‌ಗಳಲ್ಲಿ ಆಡಿ ಮುಗಿಸಿ ತರಬೇತಿಗೆ ಇಳಿದರು. ದೊಡ್ಡ ಕ್ಲಬ್‌ಗಳು ಉಳಿಸಿಕೊಳ್ಳದ ಇಬ್ಬರು ಸೇರಿ ಬೆಂಗಳೂರಿಗೆ ಲೀಗ್ ಗೆದ್ದುಕೊಟ್ಟರು.

ಇಂಗ್ಲೆಂಡಿನ ವ್ಯವಸ್ಥೆಯನ್ನು ಹಾಗೇ ಎತ್ತಿ ತರಬೇಕು ಎಂದು ನಾನು ವಾದಿಸುತ್ತಿಲ್ಲ. ಅದರಲ್ಲಿ ಕ್ರೌರ್ಯವೂ ಇದೆ. ಅಲ್ಲಿನ ಅಕಾಡೆಮಿಗಳು ಒಂಬತ್ತು ವರ್ಷದೊಳಗಿನ ಮಕ್ಕಳ ವಿಭಾಗದಿಂದಲೇ ಹೆಸರು ನೋಂದಾಯಿಸಿಕೊಳ್ಳುತ್ತವೆ. ಹದಿನಾರಕ್ಕೆ ಒಂದು ಜರಡಿ, ಎರಡು ವರ್ಷದ ಸ್ಕಾಲರ್‌ಶಿಪ್, ಹದಿನೆಂಟಕ್ಕೆ ಮತ್ತೊಂದು ಜರಡಿ. ಒಳಗೆ ಬಂದವರಲ್ಲಿ ಬಹುಪಾಲು ಹೊರಗೆ ಹೋಗುತ್ತಾರೆ. ಎಂಟು ವರ್ಷದ ಕೂಸಿನ ಭವಿಷ್ಯ ತನಗೆ ಗೊತ್ತು ಎನ್ನುವ ಅಹಂಕಾರ ಯಾವ ಕ್ಲಬ್ಬಿಗೂ ಇರಬಾರದು. ಹತ್ತು ವರ್ಷ ಒಂದೇ ಜೆರ್ಸಿ ತೊಟ್ಟ ಹುಡುಗನಿಗೆ ಒಂದು ದಿನ ಕರೆದು ‘ಸಾಕು’ ಎಂದಾಗ ಅವನ ಮನಸ್ಸಿಗೆ ಏನಾಗುತ್ತದೆ ಎಂಬ ಚರ್ಚೆ ಅಲ್ಲೇ ಇಂದಿಗೂ ನಡೆಯುತ್ತಿದೆ. ವಿಷಾದದ ಸಂಗತಿ ಎಂದರೆ, ಈ ಜರಡಿಯನ್ನು ನಾವು ಬಹಳ ಬೇಗ ಕಲಿತೆವು. ಜರಡಿಯಿಂದ ಕೆಳಗೆ ಬಿದ್ದವರನ್ನು ಹಿಡಿದುಕೊಳ್ಳುವ ಏರ್ಪಾಟನ್ನು ಕಲಿಯಲಿಲ್ಲ.

ಒಂದು ಕಾಲದಲ್ಲಿ ಅಂಥ ಏರ್ಪಾಟು ಈ ಊರಿನಲ್ಲಿ ಇತ್ತು. ಬೆಂಗಳೂರಿನ ಫುಟ್‌ಬಾಲ್ ಚರಿತ್ರೆ ಬೆಂಗಳೂರು ಎಫ್‌ಸಿಯಿಂದ (ಬಿಎಫ್‌ಸಿ) ಶುರುವಾಗುವುದಿಲ್ಲ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬಹುತೇಕರು ಬರಿಗಾಲಲ್ಲಿ ಆಡಿದ ತಂಡ ಅದು. ಎರಡು ಪೆನಾಲ್ಟಿ ಕೈತಪ್ಪದಿದ್ದರೆ 1-2ರ ಸೋಲು ಬೇರೆಯೇ ಆಗುತ್ತಿತ್ತು. ಅದೇ ತಂಡದ ಅಹ್ಮದ್ ಖಾನ್ ಮತ್ತು ಧನರಾಜ್ ಈಸ್ಟ್ ಬೆಂಗಾಲ್‌ಗೆ ಹೋಗಿ ಅಲ್ಲಿನ ಮುಂಪಡೆಯ ‘ಪಂಚಪಾಂಡವ’ರಲ್ಲಿ ಇಬ್ಬರಾದರು. ಮಾರಿಯಪ್ಪ ಕೆಂಪಯ್ಯ 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದಲ್ಲಿದ್ದರು. 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1946-47, 1952-53, 1967-68, 1968-69ರಲ್ಲಿ ಗೆದ್ದಿತು. ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಬೀದಿಗಳಿಂದ ಬಂದ ಈ ಹುಡುಗರಲ್ಲಿ ಅತ್ಯುತ್ತಮರು ಕೋಲ್ಕತ್ತದ ರೈಲು ಹತ್ತಿದರು. ಹತ್ತದವರಿಗೆ? ಅವರಿಗೆ ಕಾರ್ಖಾನೆಗಳಿದ್ದವು.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈಗಿನ ತಲೆಮಾರಿಗೆ ಇದು ಗೊತ್ತಿಲ್ಲ. ಎಚ್‌ಎಎಲ್, ಐಟಿಐ, ಬಿಇಎಂಎಲ್, ಎಲ್‌ಆರ್‌ಡಿಇ, ಸಿಐಎಲ್, ಸೇನೆಯ ಎಎಸ್‌ಸಿ ಮತ್ತು ಎಂಇಜಿ: ಬೆಂಗಳೂರಿನ ಲೀಗ್ ಎಂದರೆ ಇವೇ ಹೆಸರುಗಳು. ಚೆನ್ನಾಗಿ ಆಡುವ ಹುಡುಗನನ್ನು ಕಂಪನಿ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಡ್ಯೂಟಿ, ಲೀಗ್ ಇದ್ದ ದಿನ ರಜೆ. ಮೊಣಕಾಲು ಕೈಕೊಟ್ಟರೂ ಸಂಬಳ ನಿಲ್ಲುತ್ತಿರಲಿಲ್ಲ. ಮೂವತ್ತೈದಕ್ಕೆ ಆಟ ಮುಗಿದರೂ ಅರವತ್ತರವರೆಗೆ ನೌಕರಿ, ಆಮೇಲೆ ಪಿಂಚಣಿ. ಇದು ವೃತ್ತಿಪರ ಫುಟ್‌ಬಾಲ್ ಅಲ್ಲ ಎಂದು ವಾದಿಸುವವರಿದ್ದಾರೆ. ಆಟಗಾರನಿಗೆ ಹಸಿವೇ ಇರಲಿಲ್ಲ, ಕೆಲಸ ಸಿಕ್ಕಿದ ಮೇಲೆ ಆಟ ಮಂಕಾಗುತ್ತಿತ್ತು ಎನ್ನುತ್ತಾರೆ. ಅದರಲ್ಲಿ ಸತ್ಯಾಂಶ ಇದೆ. ಆದರೆ ಆ ನೌಕರಿಯ ಭರವಸೆಯೇ ಬಡ ಮನೆಯ ತಾಯಿಯೊಬ್ಬಳು ಮಗನಿಗೆ ‘ಹೋಗಿ ಆಡು’ ಎನ್ನಲು ಸಾಧ್ಯವಾಗಿಸಿತ್ತು. ಆ ಧೈರ್ಯವನ್ನು ಇವತ್ತಿನ ಯಾವ ಅಕಾಡೆಮಿಯ ಜಾಹೀರಾತೂ ಕೊಡಲಾರದು.

2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಹಿಂಬಡ್ತಿ ಪಡೆಯಿತು. ಮರುವರ್ಷ ಬಿಎಫ್‌ಸಿ ಹುಟ್ಟಿತು. ಬೆಂಗಳೂರಿನ ಫುಟ್‌ಬಾಲ್ ಒಂದು ಯುಗದಿಂದ ಇನ್ನೊಂದಕ್ಕೆ ದಾಟಿದ್ದು ಆ ಒಂದು ವರ್ಷ ಚಿಲ್ಲರೆ ಅವಧಿಯಲ್ಲಿ. ಬಂದದ್ದು ಒಳ್ಳೆಯದೇ: ಸರಿಯಾದ ತರಬೇತಿ, ಸರಿಯಾದ ಆಹಾರ, ತುಂಬಿದ ಗ್ಯಾಲರಿ, ವೆಸ್ಟ್ ಬ್ಲಾಕ್‌ನ ಅಭಿಮಾನಿಗಳ ಹಾಡು. ಆದರೆ ಮೊದಲ ಪ್ರಶಸ್ತಿ ಗೆದ್ದ ತಂಡದಲ್ಲಿ ಶಂಕರ್ ಸಂಪಂಗಿರಾಜ್‌ರಂಥ ಕೆಲವರನ್ನು ಬಿಟ್ಟರೆ ಬಹುಪಾಲು ಹೊರರಾಜ್ಯದವರು, ಹೊರದೇಶದವರು. ಇದನ್ನು ದೂರಾಗಿ ಹೇಳುತ್ತಿಲ್ಲ. ಗೆಲ್ಲಬೇಕಾದ ಕ್ಲಬ್ ಗೆಲ್ಲುವವರನ್ನೇ ತರುತ್ತದೆ. ಕ್ಲಬ್ ತನ್ನ ಪಾಲಿನ ಕೆಲಸವನ್ನೂ ಮಾಡಿದೆ: ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ವಸತಿ ಅಕಾಡೆಮಿ ನಡೆಸುತ್ತಿದೆ, 2022ರಲ್ಲಿ ಅದರ ಯುವ ತಂಡ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಗೆದ್ದು ಇಂಗ್ಲೆಂಡಿಗೆ ಹೋಗಿ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಯುವಕರೊಡನೆ ಆಡಿಬಂತು. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದ ವಿನೀತ್ ವೆಂಕಟೇಶ್‌ಗೆ ಆಗ ವಯಸ್ಸು ಹತ್ತೊಂಬತ್ತು. ಒಬ್ಬ ವಿನೀತ್ ಮೇಲೆ ಬಂದದ್ದು ಸಂತೋಷ. ಅವರ ಜೊತೆ ಟ್ರಯಲ್ಸ್‌ನಲ್ಲಿ ಓಡಿದ, ಒಂದೆರಡು ಕೂದಲೆಳೆಯಷ್ಟು ಕಡಿಮೆ ಬಿದ್ದ ಹುಡುಗರ ಲೆಕ್ಕ ಇಟ್ಟವರು ಯಾರು?

ವಿದ್ಯಾರಣ್ಯಪುರದ ಪಕ್ಕದ ನಮ್ಮ ಸಿಂಗಾಪುರದ ಸುತ್ತಮುತ್ತ ಸಂಜೆ ಹೊತ್ತು ತಿರುಗಿದರೆ ಫುಟ್‌ಬಾಲ್‌ಗೆ ಬರವಿದೆ ಎಂದು ಯಾರಿಗೂ ಅನಿಸದು. ಎಂ.ಎಸ್. ಪಾಳ್ಯದಿಂದ ಯಲಹಂಕದವರೆಗೆ ಖಾಲಿ ಸೈಟುಗಳಲ್ಲಿ ಹಸಿರು ಹಾಸಿ, ಬಲೆ ಕಟ್ಟಿ, ದೀಪ ಹಾಕಿದ ಟರ್ಫ್‌ಗಳು. ಗಂಟೆ ಲೆಕ್ಕದಲ್ಲಿ ಬಾಡಿಗೆ. ವಾರಾಂತ್ಯದಲ್ಲಿ ಮಕ್ಕಳ ಕೋಚಿಂಗ್, ತಿಂಗಳ ಫೀಸು, ಜೆರ್ಸಿಗೆ ಬೇರೆ ದುಡ್ಡು. ಕಾಯುತ್ತ ನಿಂತ ಅಪ್ಪ-ಅಮ್ಮಂದಿರ ಮಾತು ಕೇಳಿಸಿಕೊಂಡರೆ ಒಂದೇ ಚಿಂತೆ: ‘ಕೋಚ್ ಹೇಳ್ತಾರೆ ಹುಡುಗನ ಕಾಲಲ್ಲಿ ಆಟ ಇದೆ ಅಂತ. ಆದ್ರೆ ಸೆಕೆಂಡ್ ಪಿಯುಸಿ ಆದ್ಮೇಲೆ ಏನ್ ಮಾಡೋದು ಸಾರ್?’ ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಯಾರೂ ಆ ಬಲೆಯೊಳಗಿಲ್ಲ. ಹತ್ತು ವರ್ಷದವನಿಗೆ ಜಾಗ ಇದೆ, ಇಪ್ಪತ್ತೆರಡರ ತಾರೆಗೆ ಜಾಗ ಇದೆ. ಹದಿನೇಳರಿಂದ ಇಪ್ಪತ್ತೊಂದರ ನಡುವೆ, ಡಿಫೆಂಡರ್ ಆದವನು ನಿಜವಾಗಿ ಡಿಫೆಂಡರ್ ಆಗುವ ವಯಸ್ಸಿನಲ್ಲಿ, ಏನೂ ಇಲ್ಲ. ಜಾನ್ಸನ್ ನಾರ್ಥಾಂಪ್ಟನ್‌ನ ಕೆಸರಿನಲ್ಲಿ ಕಳೆದದ್ದು ಇದರ ಬೆನ್ನಿಗೇ ಬರುವ ವರ್ಷಗಳನ್ನು.

‘ಓದಿಸಿಬಿಡಿ, ಆಟ ಹವ್ಯಾಸಕ್ಕಿರಲಿ’ ಎನ್ನುವವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಓದು ಬೇಕು ಎನ್ನುವುದಕ್ಕೂ ಆಟ ಬೇಡ ಎನ್ನುವುದಕ್ಕೂ ಸಂಬಂಧವೇ ಇಲ್ಲ. ಇಂಗ್ಲೆಂಡಿನ ಸ್ಕಾಲರ್‌ಶಿಪ್‌ನಲ್ಲಿ ಎರಡು ವರ್ಷ ಓದು ಕಡ್ಡಾಯ. ಕ್ಲಬ್ಬೇ ಅದಕ್ಕೆ ಸಮಯ ಮಾಡಿಕೊಡಬೇಕು. ನಮ್ಮಲ್ಲಿ ಕ್ರೀಡಾ ಕೋಟಾ ಎಂದರೆ ಎಂಜಿನಿಯರಿಂಗ್ ಸೀಟಿಗೆ ಸರ್ಟಿಫಿಕೇಟ್. ಸೀಟು ಸಿಕ್ಕ ದಿನ ಬೂಟು ಅಟ್ಟ ಸೇರುತ್ತದೆ. ಹುಡುಗ ಆಡಿದ್ದಕ್ಕೆ ಬಹುಮಾನವಾಗಿ ಆಟವನ್ನೇ ಬಿಡಿಸುವ ಪದ್ಧತಿ ಇದು.

ವಿದೇಶಿಯರು ಬಂದದ್ದೇ ತೊಂದರೆ ಎನ್ನುವವರ ಮಾತನ್ನೂ ಪರಿಶೀಲಿಸಬೇಕು. ಸ್ಟಾಪರ್ ಮತ್ತು ಸ್ಟ್ರೈಕರ್, ತಂಡದ ಬೆನ್ನೆಲುಬಾದ ಈ ಎರಡು ಜಾಗಗಳನ್ನು ನಮ್ಮ ಕ್ಲಬ್‌ಗಳು ಹೆಚ್ಚಾಗಿ ವಿದೇಶಿಯರಿಗೇ ಕೊಡುತ್ತ ಬಂದಿವೆ. ಜಾನ್ಸನ್ ಆಡಿದ ಪ್ರತಿ ಪಂದ್ಯದಲ್ಲೂ ಒಬ್ಬ ಭಾರತೀಯ ಸ್ಟಾಪರ್ ಬೆಂಚಿನಲ್ಲಿ ಕೂತಿದ್ದ ಎಂಬುದು ನಿಜ. 2021-22ರಿಂದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಒಮ್ಮೆಗೆ ನಾಲ್ವರೇ ವಿದೇಶಿಯರು ಎಂಬ ನಿಯಮ ಬಂದದ್ದು ಸರಿಯಾಗಿಯೇ ಇತ್ತು. ಆದರೂ ಬಾಗಿಲು ಮುಚ್ಚುವುದರಿಂದ ಡಿಫೆಂಡರ್ ಹುಟ್ಟುವುದಿಲ್ಲ. ಬೆಂಚಿನಲ್ಲಿದ್ದ ಆ ಹುಡುಗ ಆ ವರ್ಷ ಬೇರೆಲ್ಲಾದರೂ ಮೂವತ್ತು ಗಟ್ಟಿ ಪಂದ್ಯ ಆಡುವ ಹಾಗಿದ್ದರೆ ಜಾನ್ಸನ್ ಅವನಿಗೆ ಅಡ್ಡಿಯಾಗುತ್ತಿರಲಿಲ್ಲ, ಗುರುವಾಗುತ್ತಿದ್ದರು. ಇಂಗ್ಲೆಂಡಿನ ಲೋನ್ ಪದ್ಧತಿಯ ಸಾರ ಇಷ್ಟೇ: ನಮ್ಮಲ್ಲಿ ಜಾಗವಿಲ್ಲ, ಅಲ್ಲಿ ಹೋಗಿ ಆಡಿ ಬಾ.

ಹಾಗಾದರೆ ಆ ‘ಅಲ್ಲಿ’ ಬೆಂಗಳೂರಿನಲ್ಲಿ ಎಲ್ಲಿದೆ? ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ (ಬಿಡಿಎಫ್‌ಎ) ಸೂಪರ್ ಡಿವಿಷನ್ ಲೀಗ್ ಇದೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಇವತ್ತಿಗೂ ನಡೆಯುತ್ತದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಕರ್ನಾಟಕಕ್ಕೆ ತಂದದ್ದು ಇಂಥ ಲೀಗಿನಲ್ಲಿ ಬೆವರು ಸುರಿಸಿದ ಹುಡುಗರು. ಸೌದಿ ಅರೇಬಿಯಾದ ಹುಲ್ಲಿನ ಮೇಲೆ ಅವರು ಕಪ್ಪು ಎತ್ತಿದ ಚಿತ್ರ ಪತ್ರಿಕೆಗಳಲ್ಲಿ ಬಂತು, ಸನ್ಮಾನವಾಯಿತು. ಆ ಗೆಲುವಿನ ಮೇಲೆ ಒಂದು ಲೀಗ್ ಕಟ್ಟುವ ಅವಕಾಶ ಅಂದು ನಮ್ಮ ಕೈಯಲ್ಲಿತ್ತು. ಎಸ್‌ಸಿ ಬೆಂಗಳೂರು ಎಂಬ ಕ್ಲಬ್ 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿತು, ಮುಂದಿನ ವರ್ಷವೇ ಕೆಳಗಿಳಿಯಿತು. ಏರುವುದು, ಇಳಿಯುವುದು ತಪ್ಪಲ್ಲ, ಮೆಟ್ಟಿಲಿರುವುದೇ ಅದಕ್ಕೆ. ಆದರೆ ಒಂದೊಂದು ಹಂತದಲ್ಲಿ ಒಂದೆರಡೇ ಕ್ಲಬ್ ಇದ್ದರೆ, ಒಂದು ಕ್ಲಬ್ ಎಡವಿದಾಗ ಅದನ್ನು ನಂಬಿದ ಇಪ್ಪತ್ತೈದು ಹುಡುಗರ ಬದುಕೂ ಎಡವುತ್ತದೆ.

ಮೇಲಿನ ಮೆಟ್ಟಿಲು ಎಷ್ಟು ಗಟ್ಟಿ ಎಂಬುದನ್ನು 2025 ತೋರಿಸಿತು. ಲೀಗ್ ನಡೆಸುವ ಹಕ್ಕಿನ ಒಪ್ಪಂದ ನವೀಕರಣವಾಗದೆ ಐಎಸ್‌ಎಲ್ ಆ ಜುಲೈನಲ್ಲಿ ತಡೆಹಿಡಿಯಲ್ಪಟ್ಟಿತು. ಆ ವರ್ಷ ಶುರುವಾಗಲೇ ಇಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಯುವ ತಂಡಗಳಿಗೆ, ಮಕ್ಕಳ ಶಾಲೆಗಳಿಗೆ ತೊಂದರೆಯಿಲ್ಲ ಎಂದು ಹೇಳಿತು. ಸುನಿಲ್ ಛೆಟ್ರಿಯಂಥವರು ಆಡುವ ಕ್ಲಬ್ಬಿನಲ್ಲೇ ಸಂಬಳ ನಿಂತಾಗ, ಹದಿನಾರು ವರ್ಷದ ಮಗನನ್ನು ಈ ದಾರಿಗೆ ಬಿಟ್ಟ ತಂದೆ-ತಾಯಿಯ ಎದೆ ಹೇಗಿದ್ದೀತು? ಇಡೀ ಕಟ್ಟಡದ ಭಾರವನ್ನು ಹಕ್ಕುಗಳ ಒಂದು ಒಪ್ಪಂದದ ಮೇಲೆ ಹೊರಿಸಿದರೆ ಆಗುವುದೇ ಹೀಗೆ. ಸ್ಥಳೀಯ ಲೀಗ್ ಗಟ್ಟಿಯಾಗಿದ್ದಿದ್ದರೆ ಆಟಗಾರರಿಗೆ ಆ ತಿಂಗಳುಗಳಲ್ಲಿ ನಿಲ್ಲಲು ನೆಲವಾದರೂ ಇರುತ್ತಿತ್ತು.

ದುಡ್ಡಿಲ್ಲ ಎಂಬ ಉತ್ತರವನ್ನು ನಾನು ಒಪ್ಪಲಾರೆ. 2011ರ ಜನಗಣತಿಯಂತೆ ಮಿಜೋರಾಂನ ಜನಸಂಖ್ಯೆ ಸುಮಾರು 11 ಲಕ್ಷ. ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲೇ 84 ಲಕ್ಷ ಜನರಿದ್ದರು. ಆ ಪುಟ್ಟ ಗುಡ್ಡಗಾಡು ರಾಜ್ಯ 2012ರಲ್ಲಿ ತನ್ನದೇ ಮಿಜೋರಾಂ ಪ್ರೀಮಿಯರ್ ಲೀಗ್ ಶುರುಮಾಡಿತು. ಊರಿನವರು ಟಿಕೆಟ್ ಕೊಂಡು ನೋಡಿದರು, ಸ್ಥಳೀಯ ಚಾನೆಲ್ ನೇರ ಪ್ರಸಾರ ಮಾಡಿತು. ಐದೇ ವರ್ಷದಲ್ಲಿ, 2017ರಲ್ಲಿ, ಐಜಾಲ್ ಎಫ್‌ಸಿ ಐ-ಲೀಗ್ ಚಾಂಪಿಯನ್ ಆಯಿತು. ಇಂದು ದೇಶದ ಯಾವ ಕ್ಲಬ್ಬಿನ ಪಟ್ಟಿ ತೆಗೆದರೂ ಮಿಜೋ ಹೆಸರುಗಳಿವೆ. ಕೇರಳ 2024ರಲ್ಲಿ ತನ್ನದೇ ಸೂಪರ್ ಲೀಗ್ ಆರಂಭಿಸಿತು. ಮಲಬಾರಿನ ‘ಸೆವೆನ್ಸ್’ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಮೈದಾನಗಳು ಅದಕ್ಕೂ ಮುಂಚಿನಿಂದ ಆಟಗಾರನಿಗೆ ದಿನದ ಸಂಪಾದನೆ ಕೊಡುತ್ತ ಬಂದಿವೆ. ದೇಶದ ತಂತ್ರಜ್ಞಾನ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವ ನಗರಕ್ಕೆ ಹನ್ನೆರಡು ಅರೆವೃತ್ತಿಪರ ಕ್ಲಬ್‌ಗಳನ್ನು ಸಾಕುವ ಶಕ್ತಿ ಇಲ್ಲವೇ?

ಆಗಬೇಕಾದ ಕೆಲಸ ದೊಡ್ಡದಲ್ಲ. ಸೂಪರ್ ಡಿವಿಷನ್ ಕ್ಲಬ್‌ಗಳಲ್ಲಿ ಹದಿನೆಂಟು ದಾಟಿದ ಆಟಗಾರನಿಗೆ ಲಿಖಿತ ಒಪ್ಪಂದ, ತಿಂಗಳಿಗೆ ಕನಿಷ್ಠ ವೇತನ, ಗಾಯಕ್ಕೆ ವಿಮೆ. ಬಿಎಫ್‌ಸಿಯ ಯುವಕರನ್ನು ಈ ಕ್ಲಬ್‌ಗಳಿಗೆ ಲೋನ್ ಮೇಲೆ ಕಳಿಸುವ ನಿಯತ ಏರ್ಪಾಟು. ಪಂದ್ಯಗಳನ್ನು ವಾರದ ನಡುಮಧ್ಯಾಹ್ನದ ಬಿಸಿಲಿನಿಂದ ಎತ್ತಿ ಶನಿವಾರ, ಭಾನುವಾರದ ಸಂಜೆಗೆ ತರುವುದು. ಎಲ್ಲವನ್ನೂ ಅಶೋಕನಗರದಲ್ಲೇ ನಡೆಸಬೇಕಿಲ್ಲ. ಜಾಲಹಳ್ಳಿ, ಯಲಹಂಕ ಕಡೆ ಕಾರ್ಖಾನೆಗಳ ಕಾಲೋನಿ ಮೈದಾನಗಳಿವೆ. ಸಾರ್ವಜನಿಕ ಉದ್ದಿಮೆಗಳು ತಂಡ ಕಟ್ಟದಿದ್ದರೂ ಮೈದಾನವನ್ನಾದರೂ ಬಿಟ್ಟುಕೊಡಲಿ. ಉತ್ತರ ಬೆಂಗಳೂರಿಗೆ ತನ್ನದೇ ಹೆಸರಿನ ಒಂದು ಕ್ಲಬ್ ಇದ್ದರೆ ಸಿಂಗಾಪುರದ, ತಿಂಡ್ಲುವಿನ, ಹೆಬ್ಬಾಳದ ಹುಡುಗ ಕಂಠೀರವಕ್ಕೆ ಹೋಗುವ ಮುನ್ನ ತನ್ನ ಬೀದಿಯವರ ಮುಂದೆ ಆಡಿಯಾನು.

ಅಷ್ಟು ಆಗುವವರೆಗೂ ಪೋಷಕರ ಕೈಯಲ್ಲಿ ಒಂದು ಹಕ್ಕಿದೆ. ಅಕಾಡೆಮಿಗೆ ಫೀಸು ಕಟ್ಟುವಾಗ ಗೋಡೆಯ ಮೇಲಿನ ಟ್ರೋಫಿಗಳನ್ನು ನೋಡಿ ತೃಪ್ತರಾಗುವ ಬದಲು, ಮೂರು ವರ್ಷದ ಹಿಂದೆ ಇಲ್ಲಿ ಕಲಿತು ಹದಿನೆಂಟು ದಾಟಿದವರ ಪಟ್ಟಿ ಕೇಳಬೇಕು: ಯಾರು ಯಾವ ಕ್ಲಬ್ಬಿಗೆ ಆಡುತ್ತಿದ್ದಾರೆ, ಆಡದವರು ಎಲ್ಲಿ ಓದುತ್ತಿದ್ದಾರೆ, ಅವರನ್ನು ಬೇರೆ ಕ್ಲಬ್ಬಿಗೆ ಸೇರಿಸಲು ಕೋಚ್ ಯಾರಿಗೆಲ್ಲ ಫೋನ್ ಮಾಡಿದ್ದಾರೆ. ಈ ಪಟ್ಟಿ ಇಟ್ಟುಕೊಂಡಿರುವ ಅಕಾಡೆಮಿಗೆ ಮಗನನ್ನು, ಮಗಳನ್ನು ಧೈರ್ಯವಾಗಿ ಸೇರಿಸಬಹುದು.